ಎರಡನೇ ಸಲ ಕೇಳೋದು: ಸಭೆಯ ಸ್ನೇಹಿತರಿಗೆ ಧೈರ್ಯ ಹೇಳೋದು ಹೇಗೆ

ಭಾನುವಾರ ಆರಾಧನೆ ಮುಗಿದು ಆಶೀರ್ವಾದ ಹೇಳಿದ್ಮೇಲೆ ಚರ್ಚಿನ ಅಂಗಳದಲ್ಲಿ ಏನಾಗತ್ತೆ ಅಂತ ಒಂದ್ಸಲ ಸುಮ್ನೆ ನಿಂತು ನೋಡಿ. "ಪ್ರೈಸ್ ದ ಲಾರ್ಡ್ ಬ್ರದರ್, ಹೇಗಿದ್ದೀರಾ?" "ದೇವರ ಕೃಪೆ, ಚೆನ್ನಾಗಿದೀವಿ." ಕೈ ಕೊಡೋದು, ಮಕ್ಕಳನ್ನ ಸಂಡೇ ಸ್ಕೂಲಿಂದ ಕರ್ಕೊಳ್ಳೋದು, ಗಾಡಿ ಸ್ಟಾರ್ಟ್ ಮಾಡೋದು, ದಾರೀಲಿ ಚಿಕನ್ ತಗೊಂಡು ಮನೆ ಸೇರೋದು. ಕಾಲು ಗಂಟೇಲಿ ಅಂಗಳ ಖಾಲಿ. ಆದ್ರೆ ಆ ಚೆನ್ನಾಗಿದೀವಿ ಅಂದವ್ರಲ್ಲಿ ಒಬ್ರು ಮೂರು ತಿಂಗಳಿಂದ ಬಾಡಿಗೆ ಕಟ್ಟಿಲ್ಲ, ಇನ್ನೊಬ್ರ ಮಗ ಮನೇಲಿ ಮಾತೇ ಬಿಟ್ಟಿದಾನೆ, ಮತ್ತೊಬ್ರು ಪ್ರಾರ್ಥನೆಗೆ ಮೊಣಕಾಲೂರಿದ್ರೆ ಒಂದು ಮಾತೂ ಬರ್ತಿಲ್ಲ ಅಂತ ಒಳಗೊಳಗೇ ಹೆದರಿದಾರೆ. ಇವ್ರೆಲ್ಲಾ ನಮ್ಮ ಪಕ್ಕದಲ್ಲೇ ಕೂತು ನಾವು ಹಾಡಿದ ಹಾಡನ್ನೇ ಹಾಡಿ ಹೋದವ್ರು, ನಮಗೆ ಗೊತ್ತೇ ಆಗ್ಲಿಲ್ಲ.

ನಾನು ಧಾರವಾಡದ ಕಡೆಯವ್ಳು, ಮದುವೆಯಾಗಿ ಮೈಸೂರಿಗೆ ಬಂದು ಹತ್ತೊಂಬತ್ತು ವರ್ಷ ಆಯ್ತು. ನಾಲ್ಕು ವರ್ಷದ ಹಿಂದೆ ಅಪ್ಪಂಗೆ ಸ್ಟ್ರೋಕ್ ಆಗಿ ಬಲಗೈ ಬಲಗಾಲು ಎರಡೂ ಸ್ವಾಧೀನ ತಪ್ಪಿತು, ಅವ್ರನ್ನ ಇಲ್ಲಿಗೇ ಕರ್ಕೊಂಡು ಬಂದ್ವಿ. ಸಭೆಯವ್ರು ನೋಡೋಕೆ ಬಂದ್ರು, ತುಂಬಾ ಜನ ಬಂದ್ರು, ಎಲ್ಲರ ಮೇಲೂ ನನಗೆ ಪ್ರೀತಿ ಇದೆ. ಆದ್ರೆ ಒಂದೇ ಸಂಜೆ ಸತ್ಯವೇದದ, ಅಂದ್ರೆ ಬೈಬಲ್ಲಿನ, ರೋಮಾಪುರದವರಿಗೆ 8:28ನೇ ವಚನ ನಾಲ್ಕು ಜನರ ಬಾಯಲ್ಲಿ ಕೇಳ್ದೆ, ದೇವರನ್ನ ಪ್ರೀತಿಸೋರಿಗೆ ಎಲ್ಲವೂ ಒಳ್ಳೇದಕ್ಕೇ ಆಗತ್ತೆ ಅಂತ, ನಾಲ್ಕನೆಯವ್ರು ಶುರು ಮಾಡೋ ಹೊತ್ತಿಗೆ ನಾನು ಹಾಲು ಉಕ್ಕತ್ತೆ ಅಂತ ನೆಪ ಹೇಳಿ ಒಳಗೆ ಹೋಗಿ ನಿಂತ್ಕೊಂಡೆ. ಆ ವಚನದ ಮೇಲೆ ನನಗೆ ಇವತ್ತಿಗೂ ನಂಬಿಕೆ ಇದೆ, ಆದ್ರೆ ಆ ಸಂಜೆ ಅದು ಒಳಗಿಳೀಲಿಲ್ಲ.

ಅದೇ ಸಂಜೆ ಕೊನೇಲಿ ಮಹಿಳಾ ಅನ್ಯೋನ್ಯ ಕೂಟದ ಒಬ್ರು ಆಂಟಿ ಬಂದ್ರು. ಕೈಯಲ್ಲಿ ಸ್ಟೀಲ್ ಕ್ಯಾರಿಯರ್, ಒಂದು ಡಬ್ಬೀಲಿ ಅನ್ನ, ಒಂದ್ರಲ್ಲಿ ಬೇಳೆಸಾರು, ಮೇಲಿನದ್ರಲ್ಲಿ ಅಪ್ಪಂಗೆ ಅಂತಾನೇ ಮೆತ್ತಗೆ ಬೇಯಿಸಿದ ರವೆಗಂಜಿ. ಹಾಲ್‌ ರೂಮಲ್ಲಿ ಕೂರಲೇ ಇಲ್ಲ, ಸೀದಾ ಅಡುಗೆಮನೆಗೆ ಬಂದು ಸಿಂಕಲ್ಲಿ ಬಿದ್ದಿದ್ದ ಕಾಫಿ ಲೋಟ ಎಲ್ಲಾ ತೊಳೆದ್ರು, ನಾನು ಬೇಡ ಬೇಡ ಅಂದ್ರೂ ಕೇಳ್ಲಿಲ್ಲ. ತೊಳೀತಾನೇ "ರಾತ್ರಿ ಯಾರು ಎದ್ದಿರ್ತೀರಾ?" ಅಂತ ಕೇಳಿದ್ರು. ನಾನೇ ಅಂದೆ. "ನಿದ್ದೆ ಎಷ್ಟು ಹೊತ್ತು ಬರತ್ತೆ?" ಅಂದ್ರು. ಅಷ್ಟೇ ಮಾತು. ಮುಂದಿನ ಭಾನುವಾರ ಅದೇ ಅಂಗಳದಲ್ಲಿ ನನ್ನ ಮೊಣಕೈ ಹಿಡಿದು ಪಕ್ಕಕ್ಕೆ ಕರ್ಕೊಂಡು, "ಫಿಸಿಯೋಥೆರಪಿ ಹುಡುಗ ಬುಧವಾರದಿಂದ ಬರ್ತಾನೆ ಅಂದಿದ್ಯಲ್ಲಮ್ಮ, ಬಂದ್ನಾ? ಅಪ್ಪ ಬೆರಳು ಆಡಿಸಿದ್ರಾ?" ಅಂದ್ರು. ನಾನು ಆ ಫಿಸಿಯೋಥೆರಪಿ ವಿಷಯ ಹೇಳಿದ್ದು ನನಗೇ ಮರೆತು ಹೋಗಿತ್ತು. ಅಲ್ಲೇ ನಿಂತು ಅತ್ತುಬಿಟ್ಟೆ.

ನಾನಿಲ್ಲಿ ಬರೀತಿರೋದು ಆ ಆಂಟಿ ಹತ್ರ ಕಲಿತಿದ್ದು, ಆಮೇಲೆ ನಾನೇ ಮಾಡಿ ನೋಡಿ, ಎಡವಿ, ತಿದ್ಕೊಂಡಿದ್ದು. ಮೊದಲ ಸಲ ಹೇಗಿದ್ದೀರ ಅಂತ ಯಾರು ಬೇಕಾದ್ರೂ ಕೇಳ್ತಾರೆ, ಅದು ಶಿಷ್ಟಾಚಾರ. ಹೋದ ವಾರ ಅವ್ರು ಹೇಳಿದ್ದನ್ನ ನೆನಪಿಟ್ಕೊಂಡು ಈ ವಾರ ಹೋಗಿ ಅದನ್ನೇ ಕೇಳಿದ್ರೆ ಅದು ಸ್ನೇಹ.

ಮೊದಲು ಇಬ್ಬರು ಸಾಕು

ಇಡೀ ಸಭೆಯವರಿಗೆ ಧೈರ್ಯ ಹೇಳ್ತೀನಿ ಅಂತ ಹೊರಡಬೇಡಿ, ಎರಡು ವಾರದಲ್ಲಿ ಸುಸ್ತಾಗ್ತೀರ. ಇಬ್ಬರನ್ನ ಆರಿಸ್ಕೊಳ್ಳಿ. ಒಬ್ರು ನಿಮಗೆ ಈಗಾಗ್ಲೇ ಹತ್ತಿರದವ್ರು, ಇನ್ನೊಬ್ರು ಯಾರೂ ಅಷ್ಟಾಗಿ ಮಾತಾಡಿಸದೇ ಇರೋರು. ಈ ಎರಡನೆಯವ್ರನ್ನ ಹುಡುಕೋದು ಕಷ್ಟ ಇಲ್ಲ, ಕೊನೇ ಸಾಲಲ್ಲಿ ಕೂತು ಆಶೀರ್ವಾದಕ್ಕೆ ಮುಂಚೆನೇ ಎದ್ದು ಹೋಗ್ತಾರೆ ನೋಡಿ, ಅವ್ರು. ಪಿಜಿಯಲ್ಲಿರೋ ನರ್ಸಿಂಗ್ ಓದೋ ಹುಡುಗಿ, ಗಂಡ ಚರ್ಚಿಗೆ ಬರದೇ ಇರೋದ್ರಿಂದ ಒಬ್ಳೇ ಮಕ್ಕಳನ್ನ ಕರ್ಕೊಂಡು ಬರೋ ತಾಯಿ, ರಿಟೈರ್ ಆಗಿ ಹೆಂಡತಿ ತೀರಿಕೊಂಡ ಮೇಲೆ ಮಾತು ಕಮ್ಮಿ ಮಾಡಿರೋ ಅಂಕಲ್. ತಮ್ಮ ಮನೇಲಿ ತಾವೊಬ್ಬರೇ ಕ್ರಿಸ್ತನನ್ನ ನಂಬಿರೋರಂತೂ ವಾರ ಪೂರ್ತಿ ದೇವರ ವಿಷಯ ಒಂದು ಮಾತು ಬಾಯಿಬಿಟ್ಟು ಆಡೋಕೆ ಯಾರೂ ಇಲ್ದೆ ಭಾನುವಾರಕ್ಕೆ ಕಾಯ್ತಿರ್ತಾರೆ, ಅವ್ರಿಗೆ ಸಿಗೋದು ನಮ್ಮ ಒಂದು ಹ್ಯಾಂಡ್‌ಶೇಕು.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ, ಗಂಡಸರು ಗಂಡಸರ ಜೊತೆ, ಹೆಂಗಸರು ಹೆಂಗಸರ ಜೊತೆ ಈ ಸ್ನೇಹ ಬೆಳೆಸ್ಕೊಂಡ್ರೆ ಒಳ್ಳೇದು, ನಮ್ಮ ಊರುಗಳಲ್ಲಿ ಜನರ ಬಾಯಿ ಹೇಗಿರತ್ತೆ ಅಂತ ನಿಮಗೂ ಗೊತ್ತು, ಕಷ್ಟದಲ್ಲಿರೋರಿಗೆ ಇನ್ನೊಂದು ಕಷ್ಟ ನಾವು ತರೋದು ಬೇಡ. ಸಂಸಾರ ಸಮೇತ ಹೋಗೋದಾದ್ರೆ ಬೇರೆ.

ಅಪೊಸ್ತಲರ ಕೃತ್ಯಗಳಲ್ಲಿ ಬಾರ್ನಬ ಇದಾನಲ್ಲ, ಅವನ ನಿಜವಾದ ಹೆಸರು ಯೋಸೇಫ, ಕುಪ್ರ ದ್ವೀಪದ ಲೇವಿಯ. ಧೈರ್ಯ ತುಂಬೋನು ಅನ್ನೋ ಅರ್ಥದಲ್ಲಿ ಅಪೊಸ್ತಲರೇ ಅವನಿಗೆ ಬಾರ್ನಬ ಅಂತ ಹೆಸರಿಟ್ರು. ಅವನು ಮಾಡಿದ್ದು ಏನು ಅಂತ ನೋಡಿದ್ರೆ ದೊಡ್ಡ ದೊಡ್ಡ ಭಾಷಣ ಏನಲ್ಲ. ಸೌಲ, ಅಂದ್ರೆ ಆಮೇಲೆ ಪೌಲ ಅಂತ ಹೆಸರಾದವನು, ಮೊದಲು ವಿಶ್ವಾಸಿಗಳನ್ನ ಹಿಂಸೆ ಮಾಡ್ತಿದ್ದವನು, ಯೆರೂಸಲೇಮಲ್ಲಿ ಎಲ್ರೂ ಅವನನ್ನ ಕಂಡು ಹೆದರಿ ದೂರ ಸರೀತಿದ್ದಾಗ ಅವನ ಕೈಹಿಡಿದು ಒಳಗೆ ಕರ್ಕೊಂಡು ಹೋದ. ಆಮೇಲೆ ಅಂತಿಯೋಕ್ಯದಲ್ಲಿ ಸಭೆ ಬೆಳೀತಿದ್ದಾಗ ತಾನೇ ತಾರ್ಸಕ್ಕೆ ಹೋಗಿ ಸೌಲನ್ನ ಹುಡುಕಿ ಕರ್ಕೊಂಡು ಬಂದ. ಅರ್ಧ ದಾರೀಲಿ ಬಿಟ್ಟು ಓಡಿಹೋಗಿದ್ದ ಮಾರ್ಕನಿಗೆ ಇನ್ನೊಂದು ಅವಕಾಶ ಕೊಡೋಣ ಅಂತ ಪಟ್ಟು ಹಿಡಿದು ಅದಕ್ಕೋಸ್ಕರ ಪೌಲನ ಜೊತೆನೇ ಬೇರೆ ಆಗಬೇಕಾಯ್ತು. ಎಷ್ಟೋ ವರ್ಷ ಆದ್ಮೇಲೆ ಅದೇ ಪೌಲ ಸೆರೆಮನೆಯಿಂದ ತಿಮೊಥೆಯನಿಗೆ ಬರೀವಾಗ, ಮಾರ್ಕನನ್ನ ಕರ್ಕೊಂಡು ಬಾ, ಅವನು ನನಗೆ ಸೇವೆಯಲ್ಲಿ ಉಪಯೋಗ ಆಗ್ತಾನೆ ಅಂತಾನೆ. ಒಬ್ಬೊಬ್ಬರ ಹಿಂದೆ ಹೋದವನು ಬಾರ್ನಬ. ಇಬ್ಬರು ಸಾಕು ಅಂತ ನಾನು ಹೇಳೋದು ಅದಕ್ಕೇ.

ಎಲ್ಲಿ ಮಾತಾಡೋದು, ಏನಂತ ಕೇಳೋದು

ಎದುರುಬದುರು ಕೂತು "ನಿಮ್ಮ ಆತ್ಮಿಕ ಜೀವನ ಹೇಗಿದೆ ಹೇಳಿ" ಅಂದ್ರೆ ಯಾರಿಗಾದ್ರೂ ಬಾಯಿ ಕಟ್ಟತ್ತೆ, ಇಂಟರ್ವ್ಯೂ ತರ ಆಗೋಗತ್ತೆ. ನಮ್ಮವ್ರ ಮನಸ್ಸು ಬಿಚ್ಚಿಕೊಳ್ಳೋದು ಕೈಗೆ ಏನಾದ್ರೂ ಕೆಲಸ ಇರೋವಾಗ. ಅವರೆಕಾಯಿ ಸುಲೀತಾ, ಸಭೆ ಊಟಕ್ಕೆ ಈರುಳ್ಳಿ ಹೆಚ್ಚುತಾ, ಸುಗ್ಗಿಹಬ್ಬಕ್ಕೆ ಬಂದ ತೆಂಗಿನಕಾಯಿ, ಕುಂಬಳಕಾಯಿ ಜೋಡಿಸ್ತಾ, ಸಂಜೆ ಕೆರೆ ಸುತ್ತ ವಾಕ್ ಮಾಡ್ತಾ. ಗಂಡಸರು ಬೈಕಲ್ಲಿ ಹಿಂದೆ ಮುಂದೆ ಕೂತು ಹೋಗ್ತಾ ಹೇಳ್ಕೊಳ್ಳೋ ವಿಷಯಗಳನ್ನ ಮುಖ ನೋಡ್ಕೊಂಡು ಯಾವತ್ತೂ ಹೇಳಲ್ಲ ಅಂತ ನಮ್ಮ ಮನೆಯವ್ರು ಹೇಳ್ತಿರ್ತಾರೆ, ನನಗೂ ನಿಜ ಅನ್ಸತ್ತೆ. ಯೇಸು ಸಮಾಧಿಯಿಂದ ಎದ್ದ ದಿನ ಎಮ್ಮಾಹು ಊರಿನ ದಾರೀಲಿ ಇಬ್ಬರು ಶಿಷ್ಯರು ಮಾತಾಡಿದ್ದೂ ನಡೀತಾನೇ ಅಲ್ವಾ, ಹೆಚ್ಚುಕಮ್ಮಿ ಹನ್ನೊಂದು ಕಿಲೋಮೀಟರ್ ದಾರಿ ಅದು. ಯೇಸು ಜೊತೆ ಸೇರ್ಕೊಂಡು ನೀವು ಏನು ಮಾತಾಡ್ತಾ ಇದೀರಿ ಅಂತ ಕೇಳಿದ, ಅವನು ಯಾರಂತ ಗುರುತು ಸಿಗದೆ ಅವ್ರು ಮುಖ ಸಪ್ಪಗೆ ಮಾಡ್ಕೊಂಡು ನಿಂತ್ರು, ಯೆರೂಸಲೇಮಲ್ಲಿ ನಡೆದಿದ್ದು ನಿನಗೊಬ್ಬನಿಗೇ ಗೊತ್ತಿಲ್ವಾ ಅಂದ್ರು. ಏನು ನಡೀತು ಅಂತ ಮತ್ತೆ ಕೇಳಿದ. ಎಲ್ಲಾ ಗೊತ್ತಿದ್ದವನು, ಅದೆಲ್ಲಾ ತನ್ನ ಮೇಲೇ ನಡೆದಿದ್ದು, ಆದ್ರೂ ಅವ್ರ ಬಾಯಿಂದ ಪೂರ್ತಿ ಹೇಳಿಸಿ ಕೇಳಿಸ್ಕೊಂಡ ಮೇಲೇನೇ ವಚನ ತೆಗೆದಿದ್ದು. ನಾನು ಲೂಕ 24 ಎಷ್ಟೋ ಸಲ ಓದಿದೀನಿ, ಅಪ್ಪನ ಸ್ಟ್ರೋಕ್ ಆದ್ಮೇಲೇನೇ ಇದು ಕಣ್ಣಿಗೆ ಬಿತ್ತು.

ಇನ್ನು ಕೇಳೋ ಪ್ರಶ್ನೆ. ನಮ್ಮಮ್ಮ ಯಾರನ್ನೇ ನೋಡಿದ್ರೂ "ಯಾಕವಾ, ಮಾರಿ ಸಪ್ಪಗ ಮಾಡ್ಕೊಂಡೀಯಲ್ಲ, ರಾತ್ರಿ ಉಂಡಿ ಇಲ್ಲ?" ಅಂತಾನೇ ಶುರು ಮಾಡ್ತಿದ್ರು. ಊಟ, ನಿದ್ದೆ, ಕೆಲಸ, ಮಕ್ಕಳು, ಮೊಣಕಾಲು ನೋವು ಇಂಥದ್ರಿಂದ ಶುರು ಮಾಡಿ. ಊಟ ಆಯ್ತಾ ಅನ್ನೋದು ಸಣ್ಣ ಪ್ರಶ್ನೆ ಅಂತ ಅಂದ್ಕೋಬೇಡಿ, ಊಟ ಸೇರ್ತಿಲ್ಲ ಅನ್ನೋ ಉತ್ತರದ ಹಿಂದೆ ಬೇಕಾದಷ್ಟಿರತ್ತೆ. ಆಮೇಲೆ ಹೌದು ಇಲ್ಲ ಅಂತ ಮುಗಿಸೋಕಾಗದ ಹಾಗೆ ಕೇಳಿ. "ಹೊಸ ಸೂಪರ್‌ವೈಸರ್ ಬಂದ್ಮೇಲೆ ಕೆಲಸಕ್ಕೆ ಹೋಗೋಕೆ ಮನಸ್ಸು ಹೇಗಿರತ್ತೆ?" "ಈ ವಾರದಲ್ಲಿ ಯಾವ ದಿನ ತುಂಬಾ ಭಾರ ಅನ್ನಿಸ್ತು?" "ನಾನು ನಿಮಗೋಸ್ಕರ ಏನು ಪ್ರಾರ್ಥನೆ ಮಾಡ್ಲಿ, ದೇವರ ಹತ್ರ ಏನು ಕೇಳ್ಲಿ?" ಈ ಕೊನೇ ಪ್ರಶ್ನೆಗೆ ಜನ ಸ್ವಲ್ಪ ಹೊತ್ತು ಸುಮ್ನಿದ್ದು ಆಮೇಲೆ ನಿಜ ಹೇಳ್ತಾರೆ.

ಇದು ಹೊಸ ವಿಷಯ ಅಲ್ಲ. ನಮ್ಮ ಮೈಸೂರು ಸೀಮೆಯ ಎಷ್ಟೋ ಸಭೆಗಳ ಬೇರು ವೆಸ್ಲಿಯನ್ ಮಿಷನ್‌ನಲ್ಲಿದೆ. ಮೆಥೋಡಿಸ್ಟ್ ಪಂಗಡ ಶುರು ಮಾಡಿದ ಜಾನ್ ವೆಸ್ಲಿಯ ಜನ 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಆರಾಧನೆಯ ಕಟ್ಟಡದ ಸಾಲ ತೀರಿಸೋಕೆ ಅಂತ ಹನ್ನೆರಡು ಹನ್ನೆರಡು ಜನರ ಗುಂಪು ಮಾಡಿ ತಲೆಗೆ ವಾರಕ್ಕೊಂದು ಪೆನ್ನಿ ಕೂಡಿಸೋಕೆ ಹೊರಟ್ರು. ಪೆನ್ನಿ ಇಸ್ಕೊಳ್ಳೋಕೆ ಪ್ರತಿ ವಾರ ಮನೆಮನೆಗೆ ಹೋದ ನಾಯಕರಿಗೆ ಆ ಮನೆಗಳ ಜಗಳ, ಕುಡಿತ, ಕಾಯಿಲೆ ಎಲ್ಲಾ ಕಣ್ಣಿಗೆ ಬೀಳೋಕೆ ಶುರುವಾಯ್ತು. ಆವಾಗ ವೆಸ್ಲಿಗೆ ನಾವು ಇಷ್ಟು ದಿನ ಹುಡುಕ್ತಿದ್ದಿದ್ದು ಇದನ್ನೇ ಅಂತ ಹೊಳೀತು, ಕಾಸಿಗೋಸ್ಕರ ಶುರುವಾಗಿದ್ದು ಪ್ರತಿಯೊಬ್ಬರ ಆತ್ಮದ ಕ್ಷೇಮ ವಿಚಾರಿಸೋ ಕೂಟ ಆಯ್ತು. ಪ್ರತಿ ವಾರ ಹೋಗ್ತಿದ್ರು ಅನ್ನೋದನ್ನ ಗಮನಿಸಿ, ವರ್ಷಕ್ಕೊಮ್ಮೆ ಅಲ್ಲ.

ಮರೆವು ಇರೋರು, ನನ್ನ ತರ, ಫೋನಲ್ಲಿ ಬರ್ಕೊಳ್ಳಿ. ನನ್ನ ನೋಟ್ಸಲ್ಲಿ ಹೆಸರಿನ ಮುಂದೆ ಹೀಗೆಲ್ಲಾ ಇರತ್ತೆ: ಸ್ಕ್ಯಾನ್ 14ಕ್ಕೆ, ಮಗಳ ಸಪ್ಲಿಮೆಂಟರಿ ಪರೀಕ್ಷೆ ರಿಸಲ್ಟ್, ಅತ್ತೆ ಊರಿಂದ ಬಂದ್ರಾ, ಸೈಟ್ ಕೇಸು ಹಿಯರಿಂಗ್. ಆ ದಿನ ಬೆಳಗ್ಗೆ ಎರಡು ಸಾಲು ಮೆಸೇಜು, "ಅಕ್ಕ, ಇವತ್ತು ಸ್ಕ್ಯಾನ್ ಅಲ್ವಾ, ಹತ್ತು ಗಂಟೆಗೆ ನಾನು ಪ್ರಾರ್ಥನೆಯಲ್ಲಿ ಇರ್ತೀನಿ", ಸಂಜೆ ಒಂದು ಫೋನು. ಲೆಕ್ಕ ಹಾಕಿದ್ರೆ ಐದು ನಿಮಿಷ. ಬರ್ಕೊಂಡು ಕೇಳೋದು ಕೃತಕ ಅಲ್ವಾ ಅಂತ ಒಬ್ರು ನನ್ನನ್ನ ಕೇಳಿದ್ರು. ಮಕ್ಕಳ ವ್ಯಾಕ್ಸಿನ್ ಡೇಟ್ ಬರ್ಕೊಳ್ತೀವಲ್ಲ, ಅದರಿಂದ ಪ್ರೀತಿ ಏನಾದ್ರೂ ಕಮ್ಮಿ ಆಗತ್ತಾ?

ಬೆಳಗ್ಗೆ ಬೆಳಗ್ಗೆ ಹೂವಿನ ಫೋಟೋ ಮೇಲೆ ವಚನ ಬರೆದು ಐವತ್ತು ಜನಕ್ಕೆ ಫಾರ್ವರ್ಡ್ ಮಾಡೋದು ಬೇಡ ಅಂತ ನಾನು ಹೇಳಲ್ಲ, ಆದ್ರೆ ಅದನ್ನ ಸ್ನೇಹ ಅಂತ ಎಣಿಸಬೇಡಿ. ಅದರ ಬದಲು ಒಬ್ಬರಿಗೆ, ಅವ್ರ ಹೆಸರು ಹೇಳಿ, ನಿಮ್ಮ ಸ್ವಂತ ದನಿಯಲ್ಲಿ ಒಂದು ವಾಯ್ಸ್ ಮೆಸೇಜ್ ಕಳಿಸಿ ನೋಡಿ. ಕಣ್ಣು ಮಂಜಾಗಿ ಸತ್ಯವೇದ ಓದೋಕಾಗದ ಒಬ್ರು ಅಜ್ಜಿಗೆ ನಮ್ಮ ಯೂತ್ ಹುಡುಗಿ ಒಬ್ಳು ರಾತ್ರಿ ಒಂದೊಂದು ಕೀರ್ತನೆ ಓದಿ ಕಳಿಸ್ತಾಳೆ, ಆ ಅಜ್ಜಿ ಅದನ್ನ ಕಿವಿಗೆ ಒತ್ತಿಟ್ಕೊಂಡು ಎರಡು ಮೂರು ಸಲ ಕೇಳ್ತಾರೆ. ಕುವೈತಲ್ಲಿ ಕೆಲಸಕ್ಕಿರೋ ನಮ್ಮವ್ರಿಗೆ ಶುಕ್ರವಾರ ಆರಾಧನೆ, ನಮ್ಮ ಭಾನುವಾರ ಅವ್ರಿಗೆ ಡ್ಯೂಟಿ ದಿನ, ಹಬ್ಬಕ್ಕೂ ಊರಿಗೆ ಬರೋಕಾಗಲ್ಲ, ಅಂಥವ್ರಿಗೆ ಊರಿನ ದನಿ ಕೇಳಿಸಿದ್ರೇನೇ ಎಷ್ಟೋ ಆಗತ್ತೆ.

ವಚನ ಯಾವಾಗ ಹೇಳೋದು

ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ ಯಾಕಂದ್ರೆ ನಾವು ವಿಶ್ವಾಸಿಗಳು ಜಾಸ್ತಿ ತಪ್ಪು ಮಾಡೋದು ಇಲ್ಲೇ. ದೇವರ ವಾಕ್ಯ ಜೀವ ಕೊಡತ್ತೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಅವ್ರ ದುಃಖ ಕೇಳೋಕೆ ನಮಗೆ ಕಷ್ಟ ಆಗಿ, ಮಾತು ಬೇಗ ಮುಗಿಸೋಕೆ ನಾವು ವಚನ ಹೇಳ್ತೀವಲ್ಲ, ಅದು ಅವ್ರಿಗೆ ತಕ್ಷಣ ಗೊತ್ತಾಗತ್ತೆ. ಅದನ್ನ ಸತ್ಯವೇದನೇ ಹೇಳತ್ತೆ, ಜ್ಞಾನೋಕ್ತಿ 25:20 ತೆಗೆದು ನೋಡಿ, ಮನಗುಂದಿದವನ ಮುಂದೆ ಹಾಡು ಹೇಳೋದು ಚಳಿಯಲ್ಲಿ ಬಟ್ಟೆ ಕಿತ್ಕೊಂಡ ಹಾಗೆ ಅನ್ನೋ ಅರ್ಥದ ಮಾತಿದೆ. ಎಲ್ಲಾ ಕಳ್ಕೊಂಡು ಕೂತಿದ್ದ ಯೋಬನ ಮೂವರು ಸ್ನೇಹಿತರು ಏಳು ದಿನ ಏಳು ರಾತ್ರಿ ಒಂದು ಮಾತೂ ಆಡದೆ ನೆಲದ ಮೇಲೆ ಅವನ ಜೊತೆ ಕೂತಿದ್ರು, ಅಲ್ಲಿವರೆಗೂ ಅವ್ರು ಒಳ್ಳೇ ಸ್ನೇಹಿತರೇ. ಬಾಯಿ ತೆಗೆದು ಕಾರಣ ವಿವರಿಸೋಕೆ ಹೋದ್ಮೇಲೆ ಕೆಟ್ಟಿದ್ದು, ಕೊನೇಲಿ ದೇವರೇ ಅವ್ರ ಮೇಲೆ ಕೋಪ ಮಾಡ್ಕೊಂಡ.

ಹಾಗಾದ್ರೆ ಏನು ಹೇಳೋದು? ಮೊದಲನೇ ಭೇಟಿಯಲ್ಲಿ ಹೆಚ್ಚೇನೂ ಬೇಡ. "ಇದು ತುಂಬಾ ಕಷ್ಟ ಅಣ್ಣ, ನನಗೆ ಏನು ಹೇಳಬೇಕೋ ತಿಳೀತಿಲ್ಲ, ಆದ್ರೆ ನಾನಿದೀನಿ" ಇಷ್ಟು ಸಾಕು. ದೇವರ ಚಿತ್ತ ಹಾಗಿತ್ತು ಅನ್ನೋದು, ನಮ್ಮ ಚಿಕ್ಕಪ್ಪಂಗೂ ಹೀಗೇ ಆಗಿ ಅಂತ ಶುರು ಮಾಡೋದು, ಮನೇಲಿ ಏನಾದ್ರೂ ಪಾಪ ಇದ್ಯಾ ಪರೀಕ್ಷೆ ಮಾಡ್ಕೊಳ್ಳಿ ಅನ್ನೋದು, ಈ ಮೂರನ್ನೂ ದಯವಿಟ್ಟು ನಿಲ್ಲಿಸಿ. ಮಗು ಹೊಟ್ಟೇಲೇ ಹೋದ ಒಬ್ಬ ತಂಗಿಗೆ "ಇನ್ನೂ ವಯಸ್ಸಿದೆ ಬಿಡಮ್ಮ, ಇನ್ನೊಂದು ಆಗತ್ತೆ" ಅಂದೋರಿದಾರೆ, ಒಳ್ಳೇ ಮನಸ್ಸಿಂದಲೇ ಅಂದಿರ್ತಾರೆ, ಆದ್ರೆ ಅವಳಿಗೆ ಅದು ಗಾಯದ ಮೇಲೆ ಬರೆ. ಅಳುವವರ ಸಂಗಡ ಅಳಿರಿ ಅಂತ ಪೌಲ ಬರೆದಿರೋದು, ಅಳೋದನ್ನ ನಿಲ್ಲಿಸಿ ಅಂತ ಅಲ್ಲ.

ಎರಡನೇ ಮೂರನೇ ಸಲ ಹೋದಾಗ ವಚನಕ್ಕೆ ದಾರಿ ತಾನಾಗೇ ಸಿಗತ್ತೆ. ಆಗ ಕೂಡ ನಿಮಗೆ ಗೊತ್ತಿರೋ ವಾಗ್ದಾನನೆಲ್ಲಾ ಸುರೀಬೇಡಿ, ಒಂದು ಸಾಕು, ಅದೂ ನಿಮ್ಮನ್ನ ಹಿಡಿದು ನಿಲ್ಲಿಸಿದ ವಚನ ಆಗಿದ್ರೆ ಚೆಂದ. "ಅಪ್ಪ ಮಲಗಿದ್ದಾಗ ನನಗೆ 13ನೇ ಕೀರ್ತನೆ ತುಂಬಾ ಸಹಾಯ ಆಯ್ತು, ಎಷ್ಟರವರೆಗೆ ಯೆಹೋವನೇ ಅಂತ ದಾವೀದ ಕೇಳ್ತಾನಲ್ಲ, ನಾನೂ ಹಾಗೇ ಕೇಳ್ತಿದ್ದೆ, ಓದ್ಲಾ?" ಅಂತ ಕೇಳಿ ಓದಿ. ಓದ್ಲಾ ಅಂತ ಕೇಳೋದು ಮುಖ್ಯ, ಬೇಡ ಅನ್ನೋ ಸ್ವಾತಂತ್ರ್ಯ ಅವ್ರಿಗಿರಲಿ.

ಪ್ರಾರ್ಥನೆ ಮಾಡ್ತೀನಿ ಅಂತ ಹೇಳಿ ಮರೀತೀವಿ, ನಾವೆಲ್ಲಾ ಮರೀತೀವಿ. ಅದಕ್ಕೆ ಒಂದೇ ಉಪಾಯ, ಅಲ್ಲೇ ಆಗಲೇ ಮಾಡೋದು. ಅಂಗಳದಲ್ಲಿ ನಿಂತಲ್ಲೇ, ಬಸ್ ಸ್ಟಾಪಲ್ಲಿ, ಫೋನಲ್ಲಿ. ಎರಡು ನಿಮಿಷ, ಸಣ್ಣ ದನಿಯಲ್ಲಿ, ಅವ್ರು ಹೇಳಿದ ಅದೇ ಮಾತುಗಳನ್ನ ದೇವರ ಹತ್ರ ಹೇಳೋದು. ಅವ್ರು ಬಾಡಿಗೆ ಅಂದಿದ್ರೆ ಬಾಡಿಗೆ ಅಂತಾನೇ ಹೇಳಿ, ಸಕಲ ಅಗತ್ಯತೆಗಳು ಅಂತ ತೇಲಿಸಬೇಡಿ. ಒಬ್ಬರ ಕಷ್ಟ ಇನ್ನೊಬ್ಬರ ಬಾಯಲ್ಲಿ ಪ್ರಾರ್ಥನೆ ಆಗಿ ಹೋಗೋದನ್ನ ಕಿವಿಯಾರೆ ಕೇಳೋದರಲ್ಲಿ ಏನೋ ಇದೆ. ಯೋನಾತಾನ ಅರಣ್ಯದಲ್ಲಿ ಅಡಗಿದ್ದ ದಾವೀದನ ಹತ್ರ ಹೋಗಿ ದೇವರಲ್ಲಿ ಅವನ ಕೈ ಬಲಪಡಿಸಿದ ಅಂತ 1 ಸಮುವೇಲ 23ರಲ್ಲಿದೆ, ಆಗ ರಾಜ ಸೌಲ (ಇವನು ಬೇರೆ ಸೌಲ, ಯೋನಾತಾನನ ಅಪ್ಪ) ದಿನಾಲೂ ದಾವೀದನನ್ನ ಕೊಲ್ಲೋಕೆ ಹುಡುಕ್ತಿದ್ದ, ಅವನ ಮಗನಾಗಿ ಯೋನಾತಾನ ಅಲ್ಲಿಗೆ ಹೋಗಿದ್ದು ಸಣ್ಣ ವಿಷಯ ಅಲ್ಲ. ಅವನಿಂದ ಸೈನ್ಯ ಕೊಡೋಕಾಗ್ಲಿಲ್ಲ, ಅಪ್ಪನ ಮನಸ್ಸು ತಿರುಗಿಸೋಕೂ ಆಗ್ಲಿಲ್ಲ. ಆದ್ರೂ ಹೋದ.

ಕೇಳಿದ್ದು ನಿಮ್ಮಲ್ಲೇ ಇರಲಿ

ಇದನ್ನ ಬರೆಯೋಕೆ ನನಗೆ ಇವತ್ತಿಗೂ ಸಂಕಟ ಆಗತ್ತೆ. ಒಬ್ಬ ಅಕ್ಕ ತನ್ನ ಗಂಡನ ಕುಡಿತದ ವಿಷಯ ನನ್ನ ಹತ್ರ ಹೇಳ್ಕೊಂಡಿದ್ರು. ನಾನು ಒಳ್ಳೇ ಉದ್ದೇಶದಿಂದಲೇ ನಮ್ಮ ಪ್ರೇಯರ್ ಗ್ರೂಪಲ್ಲಿ "ಒಬ್ಬ ಸಹೋದರಿಯ ಗಂಡನ ಬಿಡುಗಡೆಗೋಸ್ಕರ ಪ್ರಾರ್ಥಿಸಿ" ಅಂತ ಹಾಕ್ದೆ, ಹೆಸರು ಹಾಕಿರಲಿಲ್ಲ. ನಲವತ್ತು ಮನೆಯ ಸಭೇಲಿ ಹೆಸರು ಬೇಕಾ, ಸಂಜೆ ಹೊತ್ತಿಗೆ ಎಲ್ರಿಗೂ ಗೊತ್ತಾಗಿತ್ತು. ಆ ಅಕ್ಕ ನನಗೆ ಬೈಲಿಲ್ಲ. ಮುಂದಿನ ಭಾನುವಾರದಿಂದ ಬೇರೆ ಬಾಗಿಲಿಂದ ಹೋಗೋಕೆ ಶುರು ಮಾಡಿದ್ರು, ಅಷ್ಟೇ. ಅವ್ರ ಮನೆಗೆ ಹೋಗಿ ಕಾಲು ಹಿಡಿದು ಕ್ಷಮೆ ಕೇಳ್ದೆ, ಕ್ಷಮಿಸಿದ್ರು, ಆದ್ರೆ ಮತ್ತೆ ಮೊದಲಿನ ಹಾಗೆ ಮಾತಾಡೋಕೆ ಒಂದು ವರ್ಷದ ಮೇಲೆ ಬೇಕಾಯ್ತು. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತ ಅಮ್ಮ ಹೇಳ್ತಿದ್ದಿದ್ದು ಆವಾಗ ಅರ್ಥ ಆಯ್ತು. ಈಗ ನಾನು ನೇರವಾಗಿ ಕೇಳ್ತೀನಿ, "ಇದನ್ನ ಪಾಸ್ಟರ್ ಹತ್ರ ಹೇಳ್ಬಹುದಾ? ನಮ್ಮ ಮನೆಯವ್ರ ಹತ್ರ?" ಬೇಡ ಅಂದ್ರೆ ಗಂಡನ ಹತ್ರಾನೂ ಹೇಳಲ್ಲ.

ಒಂದೇ ಒಂದು ಕಡೆ ಈ ನಿಯಮ ಮುರೀಬೇಕು. ಯಾರಾದ್ರೂ "ನಾನು ಇರೋದೇ ಬೇಡ ಅನ್ಸತ್ತೆ", "ಮಲಗಿದವ್ಳು ಏಳದೇ ಇದ್ರೆ ಚೆನ್ನಾಗಿತ್ತು" ಅಂತ ಅಂದ್ರೆ, ಛೆ ಹಾಗೆಲ್ಲಾ ಅನ್ನಬಾರ್ದು ಅಂತ ಬಾಯಿ ಮುಚ್ಚಿಸಬೇಡಿ, ನಂಬಿಕೆ ಕಮ್ಮಿ ಅಂತಂತೂ ಹೇಳಲೇಬೇಡಿ. ಸಾಯೋ ಯೋಚನೆ ಬರ್ತಿದ್ಯಾ ಅಂತ ನೇರವಾಗಿ ಮೆತ್ತಗೆ ಕೇಳಿ, ಕೇಳೋದ್ರಿಂದ ಆ ಯೋಚನೆ ಹುಟ್ಟಲ್ಲ. ಅವ್ರನ್ನ ಒಬ್ಬರನ್ನೇ ಬಿಡಬೇಡಿ, ಮನೆಯವ್ರಲ್ಲಿ ನಂಬಿಕಸ್ಥರಿಗೆ ತಿಳಿಸಿ, ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದಿನದ 24 ಗಂಟೆನೂ ಇರತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಡಾಕ್ಟರ್ ಹತ್ರ ನೀವೇ ಜೊತೆಗೆ ಹೋಗಿ. ಮಾತ್ರೆ ತಗೊಳ್ಳೋದು ಅಪನಂಬಿಕೆ ಅಲ್ಲ. ಎಲೀಯ ಪ್ರವಾದಿ ಗಿಡದ ಕೆಳಗೆ ಕೂತು ನನ್ನ ಪ್ರಾಣ ತಗೊಂಡುಬಿಡು ಅಂತ ಬೇಡ್ಕೊಂಡಾಗ ದೇವರು ಅವನಿಗೆ ಬೈಲಿಲ್ಲ, ದೂತನ ಕೈಲಿ ಬಿಸಿ ರೊಟ್ಟಿ, ನೀರು ಕಳಿಸಿದ, ಮಲಗೋಕೆ ಬಿಟ್ಟ, ಮತ್ತೆ ಎಬ್ಬಿಸಿ ತಿನ್ನಿಸಿದ. ಎರಡು ಸಲ. ದೇವರು ಮಾತಾಡಿದ್ದು ಆಮೇಲೆ, ಹೋರೇಬ್ ಬೆಟ್ಟದಲ್ಲಿ.

ಮಾತಿನ ಜೊತೆ ಕೈ

ಏನಾದ್ರೂ ಬೇಕಿದ್ರೆ ಹೇಳಿ ಅಂತ ಹೇಳಿ ಬರೋದು ನಮ್ಮ ಅಭ್ಯಾಸ. ನಮ್ಮ ಜನ ಬಾಯಿಬಿಟ್ಟು ಕೇಳಲ್ಲ, ಅದು ನಿಮಗೂ ಗೊತ್ತು. "ಗುರುವಾರ ನಾನು ಹೇಗೂ ಮಾರ್ಕೆಟ್ಟಿಗೆ ಹೋಗ್ತೀನಿ, ನಿಮಗೂ ತರಕಾರಿ ತರ್ತೀನಿ" ಅನ್ನಿ. "ಶನಿವಾರ ರಾತ್ರಿ ಆಸ್ಪತ್ರೇಲಿ ನಾನು ಮಲಗ್ತೀನಿ, ನೀನು ಮನೆಗೆ ಹೋಗಿ ಸ್ನಾನ ಮಾಡಿ ನಿದ್ದೆ ಮಾಡಪ್ಪ" ಅನ್ನಿ. ಕೆಲಸ ಹೋಗಿರೋ ತಮ್ಮನಿಗೆ ಕರ್ತನು ಒದಗಿಸ್ತಾನೆ ಅಂತ ಹೇಳೋದ್ರ ಜೊತೆಗೆ ಅವನ ಬಯೋಡೇಟಾ ಇಸ್ಕೊಂಡು ನಾಲ್ಕು ಜನಕ್ಕೆ ಕಳಿಸಿ. ನಮ್ಮ ಹಿರಿಯರ ಕಾಲದಲ್ಲೂ ಹೀಗೇ ಆಗಿದ್ದು. 1834ರಲ್ಲಿ ಬಾಸೆಲ್ ಮಿಷನ್‌ನವ್ರು ಮಂಗಳೂರಿಗೆ ಬಂದ್ರು, ಕ್ರಿಸ್ತನನ್ನ ನಂಬಿದವ್ರಲ್ಲಿ ಎಷ್ಟೋ ಜನಕ್ಕೆ ಮನೆ, ಕಸುಬು ಎರಡೂ ತಪ್ಪಿಹೋಗ್ತಿತ್ತು, ಅವ್ರಿಗೆ ಬರೀ ಪ್ರಸಂಗ ಮಾಡಿದ್ರೆ ಹೊಟ್ಟೆ ತುಂಬ್ತಿರಲಿಲ್ಲ, ಅದಕ್ಕೇ ನೇಯ್ಗೆ ಮಗ್ಗ ಬಂತು, 1865ರಲ್ಲಿ ಹೆಂಚಿನ ಕಾರ್ಖಾನೆ ಬಂತು. ಮಂಗಳೂರು ಹೆಂಚು ಅಂತ ಹೆಸರಾಗಿರೋ ಆ ಹೆಂಚಿನ ಹಿಂದೆ ಒಬ್ಬರ ಭಾರ ಒಬ್ಬರು ಹೊತ್ಕೊಂಡ ಕಥೆ ಇದೆ.

ಧೈರ್ಯ ಹೇಳೋದು ಅಂದ್ರೆ ಕಷ್ಟದಲ್ಲಿರೋರಿಗೆ ಮಾತ್ರ ಅಲ್ಲ. ಚೆನ್ನಾಗಿ ಮಾಡ್ತಿರೋರಿಗೆ ಚೆನ್ನಾಗಿದೆ ಅಂತ ಹೇಳೋರೇ ಇರಲ್ಲ. ಸೂಪರ್ ಸಿಸ್ಟರ್ ಅಂದ್ರೆ ಆಗಲಿಲ್ಲ, ಕಂಡಿದ್ದನ್ನ ಬಿಡಿಸಿ ಹೇಳಿ. "ಹೋದ ವಾರ ಆ ಹೊಸ ಕುಟುಂಬದವ್ರು ಜಾಗ ಸಿಗದೆ ನಿಂತಿದ್ದಾಗ ನೀವೆದ್ದು ಜಾಗ ಕೊಟ್ರಲ್ಲ, ನಾನು ನೋಡ್ದೆ." ರೋಮಾಪುರದವರಿಗೆ ಬರೆದ ಪತ್ರದ ಕೊನೇ ಅಧ್ಯಾಯ ನಾವು ಬರೀ ಹೆಸರುಗಳು ಅಂತ ಹಾರಿಸಿಬಿಡ್ತೀವಿ, ಅದರಲ್ಲಿ ಪೌಲ ಇಪ್ಪತ್ತಕ್ಕೂ ಹೆಚ್ಚು ಜನರ ಹೆಸರು ಹಿಡಿದು ವಂದನೆ ಹೇಳ್ತಾನೆ, ಇವಳು ನಿಮಗೋಸ್ಕರ ಬಹಳ ದುಡಿದಳು, ಇವರು ನನ್ನ ಪ್ರಾಣಕ್ಕಾಗಿ ತಮ್ಮ ಕತ್ತನ್ನೇ ಒಡ್ಡಿದರು, ರೂಫನ ತಾಯಿ ನನಗೂ ತಾಯಿ ಅಂತ. ಸಭಾಪಾಲಕರಿಗೂ ಇದು ಬೇಕು. ಎಲ್ಲರ ಮನೆ ಸಾವುನೋವಿಗೂ ಹೋಗೋರು ಅವ್ರು, ಅವ್ರ ಮನೆಗೆ ಸುಮ್ನೆ ಹೋಗಿ ಕೂತು ಕಾಫಿ ಕುಡಿದು ಬರೋರು ಎಷ್ಟು ಜನ? ಟ್ರಾನ್ಸ್‌ಫರ್ ಆಗಿ ಹೊಸ ಊರಿಗೆ ಬಂದ ಪಾಸ್ಟರಮ್ಮನಿಗೆ ಸ್ನೇಹಿತೆಯರೇ ಇರಲ್ಲ, ಎಲ್ರೂ ಗೌರವ ಕೊಡ್ತಾರೆ, ಯಾರೂ ಹತ್ರ ಬರಲ್ಲ.

ತಪ್ಪು ದಾರೀಲಿ ಹೋಗ್ತಿರೋ ಸ್ನೇಹಿತರಿಗೆ ಬುದ್ಧಿ ಹೇಳೋದೂ ಧೈರ್ಯ ಹೇಳೋದರ ಒಂದು ಭಾಗನೇ. ಒಬ್ಬರಿಗೊಬ್ಬರು ಧೈರ್ಯ ಹೇಳಿ ಅಂತ ಸತ್ಯವೇದದ ಪತ್ರಗಳಲ್ಲಿ ಬರೋ ಕಡೆ ಗ್ರೀಕ್‌ನಲ್ಲಿರೋ ಪದ ಪಾರಾಕಲೇಯೋ, ಪಕ್ಕಕ್ಕೆ ಕರೆಯೋದು ಅಂತ ಅದರ ಮೂಲ ಅರ್ಥ, ಸಂತೈಸೋದಕ್ಕೂ ಎಚ್ಚರಿಸೋದಕ್ಕೂ ಅದೇ ಪದ ನಡೆಯತ್ತೆ. ಆಂಟಿ ನನ್ನ ಮೊಣಕೈ ಹಿಡಿದು ಪಕ್ಕಕ್ಕೆ ಕರೆದಿದ್ದು ನೆನಪಾಗತ್ತೆ ನನಗೆ. ಎಚ್ಚರಿಸೋದಾದ್ರೂ ಹಾಗೇ, ಪಕ್ಕಕ್ಕೆ ಕರೆದು, ಒಬ್ಬರೇ ಇದ್ದಾಗ, ಮತ್ತಾಯ 18ರಲ್ಲಿ ಯೇಸು ಹೇಳಿದ ಹಾಗೆ. ಅವ್ರ ಮನೆಯ ಅನ್ನ ತಿಂದಿರಬೇಕು, ಅವ್ರ ಜೊತೆ ಅತ್ತಿರಬೇಕು, ಆಮೇಲೇ ಆ ಹಕ್ಕು ಬರೋದು. ಕೋಪ ಬಂದಿರೋ ದಿನ ಹೇಳೋಕೆ ಹೋಗಬೇಡಿ.

ಕೊನೇದಾಗಿ, ನೀವೂ ನಿಜ ಹೇಳಬೇಕು. ಯಾವಾಗ್ಲೂ ಕೇಳಿಸ್ಕೊಳ್ಳೋರೇ ಆಗಿ, ನಿಮ್ಮದೇನೂ ಹೇಳದೇ ಇದ್ರೆ ಎದುರಿನವ್ರಿಗೆ ತಾವು ನಿಮ್ಮ ಸೇವೆಯ ಪಟ್ಟಿಯಲ್ಲಿರೋ ಒಂದು ಹೆಸರು ಅನ್ನಿಸೋಕೆ ಶುರುವಾಗತ್ತೆ. ಪೌಲನಂಥವನೇ ಕೊರಿಂಥದವರಿಗೆ ಬರೀತಾ, ಮಕೆದೋನ್ಯಕ್ಕೆ ಬಂದಾಗ ನಮಗೆ ಸ್ವಲ್ಪನೂ ನೆಮ್ಮದಿ ಇರಲಿಲ್ಲ, ಹೊರಗೆ ಜಗಳ, ಒಳಗೆ ಭಯ, ಆಗ ದೇವರು ನಮ್ಮ ಜೊತೆಗಾರ ತೀತನ ಬರುವಿಕೆಯಿಂದ ನಮ್ಮನ್ನ ಸಂತೈಸಿದ ಅಂತ ಒಪ್ಕೊಳ್ತಾನೆ. ನನಗೆ ಇದು ಕಷ್ಟ. ಅಪ್ಪ ಹೋದ ಡಿಸೆಂಬರಲ್ಲಿ ತೀರ್ಕೊಂಡ್ರು, ಕ್ಯಾರಲ್ಸ್ ಹಾಡೋರು ನಮ್ಮ ಬೀದಿಗೆ ಬರೋಕೆ ಎರಡು ದಿನ ಮುಂಚೆ. ಆಮೇಲೆ ಎಲ್ಲರ ಹತ್ರನೂ ಚೆನ್ನಾಗಿದೀನಿ ಅಂತಾನೇ ಹೇಳ್ಕೊಂಡು ಬಂದೆ. ಹೋದ ವಾರ, ನಾನು ಮಾತಾಡಿಸೋಕೆ ಅಂತ ಆರಿಸ್ಕೊಂಡಿದ್ದ ಆ ನರ್ಸಿಂಗ್ ಹುಡುಗಿ ಇದಾಳಲ್ಲ, ಕೊನೇ ಸಾಲಿನವ್ಳು, ಈಗ ಕೋರ್ಸ್ ಮುಗಿಸಿ ಕೆಲಸಕ್ಕೆ ಹೋಗ್ತಾಳೆ, ಸ್ಕೂಟಿ ಸ್ಟಾರ್ಟ್ ಮಾಡಿದವ್ಳು ನನ್ನ ಮುಂದೆ ನಿಲ್ಲಿಸಿ "ಆಂಟಿ, ನಾಳೆ ತಾತನ ಬರ್ತ್‌ಡೇ ಅಲ್ವಾ, ಹೋದ ವರ್ಷ ಕೇಕ್ ತಿನ್ನಿಸಿದ್ವಲ್ಲ, ನೀವು ಹೇಗಿದೀರ?" ಅಂದ್ಳು. ಚೆನ್ನಾಗಿಲ್ಲ ಕಣೆ ಅಂದೆ. ಅವ್ಳು ಗಾಡಿ ಆಫ್ ಮಾಡಿ, ಸ್ಟ್ಯಾಂಡ್ ಹಾಕಿ, ಹೆಲ್ಮೆಟ್ ತೆಗೆದು ಕನ್ನಡಿಗೆ ನೇತುಹಾಕಿದ್ಳು.